ಜಂಬಿಟ್ಟಿಗೆ ಮಣ್ಣಿಗೆ ಯಾವ ಸ್ಟ್ಯಾಂಡರ್ಡ್? ಕೈ ಎಕ್ಸ್‌ಆರ್‌ಎಫ್ ಬಳಸುವ ಮಲೆನಾಡಿನವರಿಗೆ ಒಂದು ಹೋಲಿಕೆ

ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಎರಡು ಕಾಗದ ಹಿಡಿದು ನನ್ನೆದುರು ಕೂತಿದ್ದರು. ಒಂದರಲ್ಲಿ ನಾನು ಎಕ್ಸ್‌ಆರ್‌ಎಫ್ ಗನ್ನಿನಲ್ಲಿ (ಎಕ್ಸ್‌ರೇ ಹಾಯಿಸಿ ಮಣ್ಣಿನ ಧಾತುಗಳನ್ನು ಅಳೆಯುವ ಕೈ ಮಷೀನು) ಅಳೆದುಕೊಟ್ಟ ತಾಮ್ರದ ಅಂಕಿ, ಇನ್ನೊಂದರಲ್ಲಿ ಅದೇ ಮಣ್ಣಿಗೆ ಲ್ಯಾಬಿನವರು ಕೊಟ್ಟ ಅಂಕಿ. "ನಿನ್ನ ಮಷೀನು ಒಂದು ಹೇಳ್ತು, ಲ್ಯಾಬು ಇನ್ನೊಂದು ಹೇಳ್ತು. ನಾನು ಯಾವುದನ್ನ ನಂಬ್ಲಿ ಮಾರಾಯ?" ಎಂದರು. ಅವರ ತೋಟದ ಆರು ಮಾದರಿಗಳಲ್ಲೂ ನನ್ನ ಅಂಕಿ ಲ್ಯಾಬಿಗಿಂತ ಕಡಿಮೆ. ಒಂದೆರಡು ಹೆಚ್ಚು, ಒಂದೆರಡು ಕಡಿಮೆ ಇದ್ದಿದ್ದರೆ ಅಳತೆಯ ಏರುಪೇರು ಎನ್ನಬಹುದಿತ್ತು. ಆರೂ ಒಂದೇ ಕಡೆ ವಾಲಿದ್ದವು.

ಅದೇ ದಿನ ಬೆಳಿಗ್ಗೆ ನಾನು ಸ್ಟ್ಯಾಂಡರ್ಡ್ ಅಳೆದಿದ್ದೆ, ಅಂದರೆ ಯಾವ ಧಾತು ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಾದರಿಯನ್ನು. ಸರ್ಟಿಫಿಕೇಟಿನ ಅಂಕಿಗೆ ಸರಿಯಾಗಿ ಹೊಂದಿತ್ತು. ಹಾಗಾದರೆ ತಪ್ಪಿದ್ದೆಲ್ಲಿ ಎಂದು ಹುಡುಕುತ್ತಾ ಹೋದಾಗ ತಿಳಿದದ್ದೇ ಈ ಬರಹದ ಹೂರಣ. ನನ್ನ ಸ್ಟ್ಯಾಂಡರ್ಡು ಕೆಟ್ಟದ್ದಾಗಿರಲಿಲ್ಲ, ಅದು ನಮ್ಮ ಮಣ್ಣಿನಂಥದ್ದಾಗಿರಲಿಲ್ಲ. ಮಷೀನು ಆರೋಗ್ಯವಾಗಿದೆ ಎಂದು ಹೇಳುವ ಸ್ಟ್ಯಾಂಡರ್ಡ್ ಒಂದು, ನಮ್ಮ ಮಣ್ಣನ್ನು ಸರಿಯಾಗಿ ಅಳೆಯುತ್ತಿದೆ ಎಂದು ಹೇಳುವ ಸ್ಟ್ಯಾಂಡರ್ಡ್ ಇನ್ನೊಂದು. ಇವೆರಡನ್ನೂ ಒಂದೇ ಡಬ್ಬಿಯಿಂದ ಪಡೆಯಲು ಹೋಗಿ ನಾನು ಎಡವಿದ್ದೆ.

ತಾಮ್ರದ ಲೆಕ್ಕ ನಮಗೆ ಯಾಕೆ ಬೇಕು?

ಮಲೆನಾಡಿನ ತೋಟಗಳಿಗೆ ಕೊಳೆ ಔಷಧಿ ಹೊಡೆಯುವುದು ಇಂದು ನಿನ್ನೆಯ ರೂಢಿಯಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನ ಪ್ರಕಟಿಸಿದರು. ಬೋರ್ಡೋ ದ್ರಾವಣ ಈ ಸೀಮೆಗೆ ಬಂದು ನೆಲೆಸಿದ್ದು ಆ ಕಾಲದಲ್ಲಿ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಒಂದು ಕೆಜಿ ಮೈಲುತುತ್ತದಲ್ಲಿ ಸುಮಾರು 254 ಗ್ರಾಂ ತಾಮ್ರವಿರುತ್ತದೆ. ಒಂದು ಹೆಕ್ಟೇರಿಗೆ ವರ್ಷಕ್ಕೆ 20 ಕೆಜಿ ಮೈಲುತುತ್ತ ಹೋಯಿತೆಂದು ಹಿಡಿದರೆ 5 ಕೆಜಿ ತಾಮ್ರ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಹೆಕ್ಟೇರಿಗೆ ಸುಮಾರು 20 ಲಕ್ಷ ಕೆಜಿ ಎಂದುಕೊಂಡರೆ, ಆ ತಾಮ್ರವೆಲ್ಲ ಅಲ್ಲೇ ಉಳಿದಾಗ ಕೆಜಿಗೆ 2.5 ಮಿಲಿಗ್ರಾಂ ಸೇರುತ್ತದೆ. ವರ್ಷಕ್ಕೆ ಸಣ್ಣದು. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಹೊಡೆದ ತೋಟದಲ್ಲಿ ಸಣ್ಣದಲ್ಲ. ತಾಮ್ರ ಮಣ್ಣಿನ ಸಾವಯವ ಅಂಶಕ್ಕೂ ಕಬ್ಬಿಣದ ಆಕ್ಸೈಡಿಗೂ ಅಂಟಿಕೊಂಡು ಕೂರುವ ಲೋಹ, ಮಳೆಗೆ ಸುಲಭವಾಗಿ ಬಸಿದು ಹೋಗುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವ ತಾಮ್ರ ಡಿಟಿಪಿಎ ದ್ರಾವಣದಲ್ಲಿ ಕರಗಿ ಬರುವಷ್ಟು ಮಾತ್ರ, ಅಂದರೆ ಗಿಡಕ್ಕೆ ಸಿಗುವ ಪಾಲು. ಎಕ್ಸ್‌ಆರ್‌ಎಫ್ ತೋರಿಸುವುದು ಮಣ್ಣಿನಲ್ಲಿರುವ ಒಟ್ಟು ತಾಮ್ರ. ಕಾರ್ಡಿನಲ್ಲಿ 4 ಇದ್ದು ಗನ್ನಿನಲ್ಲಿ 90 ಬಂದರೆ ಎರಡೂ ಸರಿಯಿರಬಹುದು. ನನ್ನ ಬೆಳೆಗಾರರ ಕೈಯಲ್ಲಿದ್ದ ಲ್ಯಾಬ್ ವರದಿ ಒಟ್ಟು ತಾಮ್ರದ್ದೇ ಆಗಿತ್ತು, ಹಾಗಾಗಿ ಈ ನೆಪ ನನಗೆ ಸಿಗಲಿಲ್ಲ.

ಕಬ್ಬಿಣ ಮಾಡುವ ಕಳ್ಳತನ

ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಬಳಕೆಗೆ ತಂದವರು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ, ನನಗೆ ಆ ಹೊಂದಿಕೆ ಇಷ್ಟ. ಈ ಮಣ್ಣಿನ ಕೆಂಪು ಕಬ್ಬಿಣದ್ದು. ಲ್ಯಾಟರೈಟ್ ಮಣ್ಣಿನಲ್ಲಿ ಕಬ್ಬಿಣ ಶೇ 10 ದಾಟುವುದು ಸಾಮಾನ್ಯ ಸಂಗತಿ.

ಎಕ್ಸ್‌ಆರ್‌ಎಫ್‌ನಲ್ಲಿ ತಾಮ್ರವನ್ನು ಗುರುತಿಸುವುದು ಅದು ಹೊರಸೂಸುವ 8.05 ಕೆಇವಿ ಶಕ್ತಿಯ ಕಿರಣದಿಂದ. ಕಬ್ಬಿಣದ ಹೀರಿಕೆಯ ಮೆಟ್ಟಿಲು 7.11 ಕೆಇವಿಯಲ್ಲಿದೆ. ಅದಕ್ಕಿಂತ ಸ್ವಲ್ಪ ಮೇಲಿನ ಶಕ್ತಿಯ ಕಿರಣಗಳನ್ನು ಕಬ್ಬಿಣ ಹಸಿದವನಂತೆ ನುಂಗುತ್ತದೆ, ತಾಮ್ರದ ಕಿರಣ ಸರಿಯಾಗಿ ಆ ಜಾಗಕ್ಕೇ ಬಂದು ಬೀಳುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ತಾಮ್ರದ ಕಿರಣವನ್ನು ಕಬ್ಬಿಣವು ಮರಳಿಗಿಂತ 8 ಪಟ್ಟಿಗೂ ಹೆಚ್ಚು ಹೀರುತ್ತದೆ. ಕಬ್ಬಿಣ ಜಾಸ್ತಿ ಇರುವ ಮಣ್ಣಿನಲ್ಲಿ ಅಷ್ಟೇ ತಾಮ್ರವಿದ್ದರೂ ಡಿಟೆಕ್ಟರಿಗೆ ತಲುಪುವ ಕಿರಣ ಕಡಿಮೆ.

ಮಷೀನಿನೊಳಗಿನ ಸಾಫ್ಟ್‌ವೇರ್ ಇದನ್ನು ಸರಿದೂಗಿಸಲು ನೋಡುತ್ತದೆ. ಮಣ್ಣಿಗೆಂದಿರುವ ಸಾಯಿಲ್ ಮೋಡಿನಲ್ಲಿ ಸಾಮಾನ್ಯವಾಗಿ ಕಾಂಪ್ಟನ್ ಚದುರಿಕೆಯನ್ನು, ಅಂದರೆ ಮಾದರಿಗೆ ಬಡಿದು ಸ್ವಲ್ಪ ಶಕ್ತಿ ಕಳೆದುಕೊಂಡು ಚದುರಿ ಬರುವ ಎಕ್ಸ್‌ರೇಯನ್ನು, ಆಧಾರ ಮಾಡಿಕೊಂಡ ತಿದ್ದುಪಡಿ ಇರುತ್ತದೆ. ಕಾಂಪ್ಟನ್ ಕಿರಣದ ಶಕ್ತಿ ಕಬ್ಬಿಣದ ಮೆಟ್ಟಿಲಿನಿಂದ ಬಹಳ ಮೇಲಿರುವುದರಿಂದ, ಕಬ್ಬಿಣ ಶೇ 3-4 ಇರುವ ಮಣ್ಣಿಗೆ ಚೆನ್ನಾಗಿ ಕೂರುವ ಈ ತಿದ್ದುಪಡಿ ಶೇ 12-15ಕ್ಕೆ ಹೋದಾಗ ತೂಗಾಡಲು ಶುರುವಾಗುತ್ತದೆ. ಅದಿರಿಗೆಂದಿರುವ ಮೈನಿಂಗ್ ಮೋಡಿನಲ್ಲಿರುವ ಫಂಡಮೆಂಟಲ್ ಪ್ಯಾರಾಮೀಟರ್ ಲೆಕ್ಕ ಕಬ್ಬಿಣವನ್ನು ಅಳೆದು ಹೀರಿಕೆಯನ್ನು ನೇರವಾಗಿ ಲೆಕ್ಕ ಹಾಕುತ್ತದೆ. ಆದರೆ ಆ ಮೋಡಿನಲ್ಲಿ ಕೆಳಗಿನ ಪಿಪಿಎಂಗಳು (ಕೆಜಿಗೆ ಮಿಲಿಗ್ರಾಂ) ಎಷ್ಟು ಸ್ಥಿರವಾಗಿ ಬರುತ್ತವೆ ಎಂಬುದು ಮಷೀನಿನಿಂದ ಮಷೀನಿಗೆ ಬೇರೆ. ಯಾವ ಮೋಡು ನಿಮ್ಮ ಮಣ್ಣಿಗೆ ಹೊಂದುತ್ತದೆ ಎಂದು ತೀರ್ಮಾನಿಸಲು ಸ್ಟ್ಯಾಂಡರ್ಡೇ ಬೇಕು. ಹಾಗಾದರೆ ಯಾವುದು?

ಮಷೀನಿನ ಜೊತೆ ಬರುವ ಬಿಲ್ಲೆ

ಬಾಕ್ಸಿನಲ್ಲಿ ಸಾಮಾನ್ಯವಾಗಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಬಿಲ್ಲೆ ಬರುತ್ತದೆ. ಕಿರಣಗಳ ಶಕ್ತಿಯ ಅಳತೆಗೋಲು ತನ್ನ ಜಾಗದಲ್ಲಿದೆಯೇ ಎಂದು ನೋಡಲು ಅದು ಸಾಕು. ಮಣ್ಣಿನ ತಾಮ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. "ಬಿಲ್ಲೆ ಪಾಸಾಯ್ತು, ಅಳತೆ ಸರಿ" ಎನ್ನುವವರನ್ನು ಕಂಡಿದ್ದೇನೆ, ಅದು ಎಂಜಿನ್ ಸ್ಟಾರ್ಟ್ ಆಯಿತೆಂದು ಬ್ರೇಕ್ ಸರಿಯಿದೆ ಎಂದಂತೆ. ಶಿವಮೊಗ್ಗದ ಬಳಿಯ ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ ಎರಕದ ಲೋಹ ಅಳೆಯುವವರ ವಿಷಯ ಬೇರೆ. ಅವರಿಗೆ ಲೋಹದ ಸ್ಟ್ಯಾಂಡರ್ಡೇ ಬೇಕು, ತಮ್ಮ ದರ್ಜೆಗೆ ಹತ್ತಿರದ್ದು.

ಖಾಲಿ ಮಾದರಿ

ಶುದ್ಧ ಸಿಲಿಕಾ ಪುಡಿ ತುಂಬಿದ ಕಪ್ಪು, ಅಂದರೆ ಮಾದರಿ ತುಂಬಿ ತೆಳು ಪ್ಲಾಸ್ಟಿಕ್ ಫಿಲ್ಮು ಕಟ್ಟುವ ಸಣ್ಣ ಬಟ್ಟಲು. ಇದರಲ್ಲಿ ತಾಮ್ರ ಕಂಡರೆ ಮಷೀನಿನ ಮೂತಿಯ ಕಿಟಕಿಯ ಮೇಲೆ ಮಣ್ಣಿದೆ, ಇಲ್ಲವೇ ಕಪ್ಪಿನ ಫಿಲ್ಮು ಕೊಳೆಯಾಗಿದೆ. ಅಗ್ಗದ್ದು, ಬಿಡಬಾರದು. ಮೈಲುತುತ್ತ ಕಲಸಿದ ಕೈಯಲ್ಲೇ ಮಾದರಿ ಮುಟ್ಟುವ ನಮ್ಮ ತೋಟಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಇದಕ್ಕಿಂತ ಹೆಚ್ಚಿನ ಕೆಲಸ ಇದರಿಂದ ನಿರೀಕ್ಷಿಸಬೇಡಿ.

ಅಮೆರಿಕದ ಮಣ್ಣುಗಳು

ಜಗತ್ತಿನಲ್ಲಿ ಹೆಚ್ಚು ಜನ ಬಳಸುವುದು ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯ ಮೂರು ಮಣ್ಣುಗಳನ್ನು. ಎಸ್‌ಆರ್‌ಎಂ 2709ಎ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಮಣ್ಣು, ತಾಮ್ರ ಕೆಜಿಗೆ 33.9 ಮಿಲಿಗ್ರಾಂ. 2711ಎ ಮೊಂಟಾನಾದ್ದು, ತಾಮ್ರ 140. 2710ಎ ಕೂಡ ಮೊಂಟಾನಾದ್ದೇ, ಗಣಿ ಕಸದ ಛಾಯೆ ಇರುವ ಮಣ್ಣು, ತಾಮ್ರ 3,420.

ಅಡಿಕೆ ತೋಟಕ್ಕೆ ಇವುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು 2711ಎ ಎನ್ನುತ್ತೇನೆ. 2709ಎಯ 33.9 ಎಂಬುದು ಕೈ ಮಷೀನಿನ ಪತ್ತೆಮಿತಿಗೆ ತೀರ ಹತ್ತಿರ, ಹಾಗಾಗಿ ಅಲ್ಲಿ ಬರುವ ಏರುಪೇರು ಮಷೀನಿನದೋ ಆಯಾ ಹೊತ್ತಿನ ಎಣಿಕೆಯದೋ ತಿಳಿಯುವುದಿಲ್ಲ. 2710ಎಯ ಮೂರು ಸಾವಿರದ ಮಟ್ಟ ನಮ್ಮ ತೋಟಗಳಿಗೆ ಸಂಬಂಧಪಡದ್ದು, ಅಲ್ಲಿ ಸರಿ ಬಂದ ಮಷೀನು 80ರಲ್ಲಿ ಸರಿ ಬರಬೇಕೆಂದಿಲ್ಲ. 140 ಎಂಬುದು ಔಷಧಿ ಹೊಡೆದ ತೋಟದ ಅಂಕಿಗಳ ನಡುವೆ ಕೂರುತ್ತದೆ.

ಆದರೆ ಈ ಮೂರರಲ್ಲೂ ಕಬ್ಬಿಣ ಶೇ 2.8ರಿಂದ 4.3ರೊಳಗೆ. ನಾನು ಎಡವಿದ್ದು ಇಲ್ಲಿ. 2711ಎಯಲ್ಲಿ ಮಷೀನು ಸರಿಯಾಗಿ ಓದಿತ್ತು, ಏಕೆಂದರೆ ಅಲ್ಲಿ ತಾಮ್ರದ ಕಿರಣವನ್ನು ನುಂಗುವವರೇ ಕಡಿಮೆ. ಅದೇ ಮಷೀನು ಜಂಬಿಟ್ಟಿಗೆ ಮಣ್ಣಿಗೆ ಬಂದಾಗ ಆರಕ್ಕೆ ಆರೂ ಕಡಿಮೆ ತೋರಿಸಿತು. ಇಂದು ಅಳೆದದ್ದನ್ನು ಹೋದ ವರ್ಷದ್ದಕ್ಕೆ ಹೋಲಿಸಲು, ಇನ್ನೊಬ್ಬರ ಮಷೀನಿಗೆ ಹೋಲಿಸಲು, ಮಷೀನು ದಿನದಿಂದ ದಿನಕ್ಕೆ ಸರಿಯುತ್ತಿದೆಯೇ ಎಂದು ಹಿಡಿಯಲು ಈ ಡಬ್ಬಿಗಿಂತ ಒಳ್ಳೆಯದಿಲ್ಲ. ನಮ್ಮ ಮಣ್ಣಿನ ಅಂಕಿ ನಿಜವೇ ಎಂಬ ಪ್ರಶ್ನೆಗೆ ಮಾತ್ರ ಇದು ಉತ್ತರ ಕೊಡದು.

ಇನ್ನೊಂದು ಎಚ್ಚರ ಸೀಸ ಮತ್ತು ಆರ್ಸೆನಿಕ್ ಅಳೆಯುವವರಿಗೆ. ಆರ್ಸೆನಿಕ್‌ನ ಮುಖ್ಯ ಗೆರೆ 10.54 ಕೆಇವಿ, ಸೀಸದ್ದು 10.55. ಮಷೀನಿಗೆ ಇವೆರಡು ಒಂದೇ ಗುಡ್ಡ. 2711ಎಯಲ್ಲಿ ಸೀಸ 1,400 ಮಿಲಿಗ್ರಾಂ ಇರುವುದರಿಂದ ಅಲ್ಲಿ ಆರ್ಸೆನಿಕ್ ಚೆನ್ನಾಗಿ ಬರದಿದ್ದರೆ ಮಷೀನನ್ನು ದೂರಬೇಡಿ, ಸರಿಯಾಗಿ ಬಂದರೆ ಆ ತಿದ್ದುಪಡಿ ಗಟ್ಟಿಯಾಗಿದೆ ಎಂದು ಸಂತೋಷಪಡಿ.

ಕೆಂಪು ಮಣ್ಣಿಗೆ ಹತ್ತಿರದವು

ಸರ್ಟಿಫಿಕೇಟೂ ಬೇಕು, ಕಬ್ಬಿಣವೂ ಜಾಸ್ತಿ ಇರಬೇಕು ಎನ್ನುವವರಿಗೆ ದಾರಿಗಳಿವೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಬಿಎಚ್‌ವಿಓ-2 ಹವಾಯಿ ದ್ವೀಪದ ಬಸಾಲ್ಟ್ ಕಲ್ಲಿನ ಪುಡಿ, ತಾಮ್ರ 127, ಕಬ್ಬಿಣ ಶೇ 8.6ರ ಆಸುಪಾಸು. ಇದು ಮಣ್ಣಲ್ಲ, ಕಲ್ಲು. ಆದರೂ ಮೊಂಟಾನಾದ ಮಣ್ಣಿಗಿಂತ ನಮಗೆ ಒಂದು ಹೆಜ್ಜೆ ಹತ್ತಿರ. ಚೀನಾದ ಜಿಬಿಡಬ್ಲ್ಯೂ ಸರಣಿಯಲ್ಲಿ 07407 ಎಂಬುದು ಲ್ಯಾಟರೈಟ್ ಮಣ್ಣೇ. ಕಬ್ಬಿಣದ ಆಕ್ಸೈಡ್ ಶೇ 18.76, ಅಂದರೆ ಕಬ್ಬಿಣ ಶೇ 13ಕ್ಕೂ ಸ್ವಲ್ಪ ಹೆಚ್ಚು, ತಾಮ್ರ 97. ಕೆಂಪು ಮಣ್ಣಿನಲ್ಲಿ ಮಧ್ಯಮ ಮಟ್ಟದ ತಾಮ್ರ, ನಮಗೆ ಬೇಕಾದದ್ದು ಇದೇ. ಆಸ್ಟ್ರೇಲಿಯಾದ ಓರಿಯಾಸ್‌ನವರೂ ಲ್ಯಾಟರೈಟ್ ಮಣ್ಣಿನ ಸ್ಟ್ಯಾಂಡರ್ಡ್‌ಗಳನ್ನು ಮಾರುತ್ತಾರೆ. ಅವರ ಪಟ್ಟಿಯಲ್ಲಿ ಆರಿಸುವಾಗ ಹೆಸರಿಗೆ ಮರುಳಾಗದೆ ಕಬ್ಬಿಣ, ತಾಮ್ರ ಎರಡರ ಅಂಕಿಯನ್ನೂ ನೋಡಿ.

ಯಾವುದನ್ನು ಕೊಂಡರೂ ಸರ್ಟಿಫಿಕೇಟಿನಲ್ಲಿ ಮೂರು ಸಂಗತಿ ಓದಿ. ನಿಮ್ಮ ಧಾತು ಪ್ರಮಾಣೀಕೃತ ಪಟ್ಟಿಯಲ್ಲಿದೆಯೋ, ಬರೀ ಮಾಹಿತಿಗೆ ಕೊಟ್ಟ ಪಟ್ಟಿಯಲ್ಲಿದೆಯೋ. ಅಂಕಿ ಒಟ್ಟು ಪ್ರಮಾಣದ್ದೋ, ಆಸಿಡ್‌ನಲ್ಲಿ ಕರಗಿದ್ದರದೋ. ಒಟ್ಟು ಪ್ರಮಾಣವನ್ನೇ ಎಕ್ಸ್‌ಆರ್‌ಎಫ್‌ಗೆ ಹೋಲಿಸಬೇಕು. ಮತ್ತು ಅವಧಿ ಮುಗಿಯುವ ದಿನಾಂಕ.

ಮನೆಯ ಮಣ್ಣು

ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಆಯ್ಕೆ ಇದು, ಹೆಚ್ಚು ದುಡಿಮೆ ಬೇಡುವುದೂ ಇದೇ. ಹೊರಗಿನಿಂದ ತಂದ ಯಾವ ಸ್ಟ್ಯಾಂಡರ್ಡೂ ತೀರ್ಥಹಳ್ಳಿಯ ಮಣ್ಣಿಗೆ ತೀರ್ಥಹಳ್ಳಿಯ ಮಣ್ಣಿನಷ್ಟು ಹತ್ತಿರವಿರಲು ಸಾಧ್ಯವಿಲ್ಲ.

ನಮಗೆ ಒಂದು ಅನುಕೂಲವಿದೆ. ತೋಟಕ್ಕೆ ಅಂಟಿದಂತೆ ಸೊಪ್ಪಿನ ಬೆಟ್ಟವಿರುತ್ತದೆ. ಅಲ್ಲಿ ಸೊಪ್ಪು ಕಡಿದಿದ್ದಾರೆ, ದರಗು ಗುಡಿಸಿದ್ದಾರೆ, ಆದರೆ ಯಾರೂ ಔಷಧಿ ಹೊಡೆದಿಲ್ಲ. ತೋಟದಂಥದ್ದೇ ಕಲ್ಲಿನಿಂದ ಹುಟ್ಟಿದ, ತೋಟದಷ್ಟೇ ಕಬ್ಬಿಣವಿರುವ, ಸಹಜ ತಾಮ್ರ ಮಾತ್ರ ಇರುವ ಮಣ್ಣು ಅದು. ತೋಟದಲ್ಲಿ ಹಿಂದೆ ಹೊರಗಿನ ಮಣ್ಣು ಹಾಕಿಸಿದ್ದರೆ ಮಾತ್ರ ಎರಡರ ಕಬ್ಬಿಣವನ್ನೂ ಒಮ್ಮೆ ಅಳೆದು ನೋಡಿ, ಬೇರೆ ಬೇರೆ ಇದ್ದರೆ ಈ ಜೋಡಿ ನಡೆಯುವುದಿಲ್ಲ.

ಬೆಟ್ಟದ ಮಣ್ಣು ಐದಾರು ಕೆಜಿ ತನ್ನಿ. ಕಲ್ಲು, ಬೇರು ತೆಗೆದು, ನೆರಳಲ್ಲಿ ಆರಿಸಿ, ಆಮೇಲೆ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ. ಕುಟ್ಟಿ, 60 ಮೆಷ್ ಜರಡಿಯಲ್ಲಿ, ಅಂದರೆ 250 ಮೈಕ್ರಾನ್ ಕಣ್ಣಿನಲ್ಲಿ ಸೋಸಿ. ಜರಡಿಯ ಮೇಲೆ ಉಳಿದ ಗರಸನ್ನು ಎಸೆಯಬೇಡಿ, ಮತ್ತೆ ಕುಟ್ಟಿ ಸೋಸಿ. ಆ ಗರಸೇ ಕಬ್ಬಿಣದ ಗಂಟು, ಅದನ್ನು ಎಸೆದರೆ ನಿಮ್ಮ ಮಣ್ಣಿನ ಗುಣವನ್ನೇ ಎಸೆದಂತೆ. ಹಿತ್ತಾಳೆಯ ಕುಟ್ಟಾಣಿಯೂ ಬೇಡ, ಹಿತ್ತಾಳೆಯ ಜರಡಿಯೂ ಬೇಡ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು.

ಈಗ ಇದಕ್ಕೆ ಗೊತ್ತಿರುವಷ್ಟು ತಾಮ್ರ ಸೇರಿಸಿ. ಒಂದೊಂದು ಕೆಜಿಯ ನಾಲ್ಕು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ. ಉಳಿದವಕ್ಕೆ 100, 200, 400 ಮಿಲಿಗ್ರಾಂ ತಾಮ್ರ ಬರುವಂತೆ ಶುದ್ಧ ಮೈಲುತುತ್ತ 0.393, 0.786, 1.572 ಗ್ರಾಂ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಮಣ್ಣಿಗೆ ಹಾಕಿ ಅಂಬಲಿಯಂತೆ ಕಲಸಿ. ಒಣಗಿಸುವಾಗ ಆಗಾಗ ಕಲಕಿ, ಇಲ್ಲದಿದ್ದರೆ ನೀರಿನ ಜೊತೆ ಮೈಲುತುತ್ತವೂ ಮೇಲೆದ್ದು ಪೊರೆಯಾಗಿ ಕೂರುತ್ತದೆ. ಮತ್ತೆ ಕುಟ್ಟಿ, ಸೋಸಿ, ಬೆರೆಸಿ. ಗೊಬ್ಬರದಂಗಡಿಯ ಮೈಲುತುತ್ತ ಇದಕ್ಕೆ ಸಲ್ಲದು, ಕೆಮಿಕಲ್ ಅಂಗಡಿಯಲ್ಲಿ ಎಆರ್ ದರ್ಜೆಯದ್ದನ್ನು, ಅಂದರೆ ಲ್ಯಾಬಿಗೆ ಸಲ್ಲುವಷ್ಟು ಶುದ್ಧವಾದದ್ದನ್ನು ಕೇಳಿ.

ನಾಲ್ಕನ್ನೂ ಅಳೆದು, ಸೇರಿಸಿದ ತಾಮ್ರದ ಎದುರು ಮಷೀನಿನ ಓದನ್ನು ಗ್ರಾಫಿನಲ್ಲಿ ಹಾಕಿ. 400 ಸೇರಿಸಿದಾಗ ಓದು 400 ಏರಿದರೆ ನಿಮ್ಮ ಮಷೀನು ಕೆಂಪು ಮಣ್ಣನ್ನು ಗೆದ್ದಿದೆ. ಉದಾಹರಣೆಗೆ 320 ಮಾತ್ರ ಏರಿದರೆ ಗೆರೆಯ ಇಳಿಜಾರು 0.8. ಆ ಮಣ್ಣಿನಲ್ಲಿ ಬಂದ ತಾಮ್ರದ ಓದನ್ನೆಲ್ಲ 0.8ರಿಂದ ಭಾಗಿಸಬೇಕು. ಕಬ್ಬಿಣ ಎಷ್ಟು ಕದಿಯುತ್ತಿದೆ ಎಂಬುದು ಮೊದಲ ಬಾರಿಗೆ ಅಂಕಿಯಾಗಿ ಕಾಣುವುದು ಇಲ್ಲಿ. ನನ್ನ ಆರು ಮಾದರಿಗಳ ವಾಲುವಿಕೆಗೆ ಕಾರಣ ಸಿಕ್ಕಿದ್ದೂ ಈ ಗೆರೆಯಲ್ಲೇ. ಸಾಯಿಲ್ ಮೋಡು, ಮೈನಿಂಗ್ ಮೋಡು ಎರಡರಲ್ಲೂ ಗೆರೆ ಎಳೆದು ನೋಡಿ. ಯಾವುದರ ಇಳಿಜಾರು 1ಕ್ಕೆ ಹತ್ತಿರ, ಯಾವುದರ ಚುಕ್ಕಿಗಳು ಗೆರೆಗೆ ಅಂಟಿ ಕೂತಿವೆ ಎಂದು ಕಣ್ಣಿಗೇ ಕಾಣುತ್ತದೆ.

ಇಷ್ಟಾದರೂ ಸುಮ್ಮನಾಗಬಾರದು. ಒಂದೇ ಪಾಲಿನಿಂದ ಹತ್ತು ಕಪ್ಪು ತುಂಬಿ ಅಳೆಯಿರಿ, ಆಮೇಲೆ ಅದರಲ್ಲಿ ಒಂದೇ ಕಪ್ಪನ್ನು ಅಲುಗಿಸದೆ ಹತ್ತು ಸಲ ಅಳೆಯಿರಿ. ಮೊದಲನೆಯದರ ಏರುಪೇರು ಎರಡನೆಯದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಬೆರೆತಿಲ್ಲ ಎಂದರ್ಥ, ಮತ್ತೆ ಬೆರೆಸಿ. ತಾಮ್ರದ ಕಿರಣ ಹೊರಬರುವುದು ಮೇಲಿನ ಸುಮಾರು ಒಂದು ಮಿಲಿಮೀಟರ್ ಪದರದಿಂದ ಮಾತ್ರ, ಆದ್ದರಿಂದ ಬೆರೆಕೆಯಲ್ಲಿನ ಸಣ್ಣ ತಪ್ಪೂ ಓದಿನಲ್ಲಿ ಬಂದು ನಿಲ್ಲುತ್ತದೆ. ಬೆರೆತದ್ದು ಖಾತ್ರಿಯಾದ ಮೇಲೆ, ಲ್ಯಾಬುಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಮಂಡಳಿಯ, ಅಂದರೆ ಎರಡು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬುಗಳಿಗೆ ಕಳಿಸಿ. "ಒಟ್ಟು ತಾಮ್ರ, ಹೈಡ್ರೋಫ್ಲೋರಿಕ್ ಆಸಿಡ್ ಸೇರಿದ ಪೂರ್ತಿ ಕರಗಿಸುವಿಕೆ" ಎಂದು ಬರೆದು ಕೇಳಿ. ಅದರ ಜೊತೆಗೆ, ಏನೆಂದು ಹೇಳದೆ, ನಿಮ್ಮ ಸರ್ಟಿಫಿಕೇಟಿನ ಮಣ್ಣಿನ ಚಿಟಿಕೆಯನ್ನೂ ಇನ್ನೊಂದು ಪೊಟ್ಟಣದಲ್ಲಿ ಕಳಿಸಿ. ಆಗ ಲ್ಯಾಬನ್ನೂ ಅಳೆದಂತಾಯಿತು.

ಪುಡಿಯೋ, ಒತ್ತಿದ ಬಿಲ್ಲೆಯೋ?

ಒತ್ತಿದ ಬಿಲ್ಲೆ ಪ್ರತಿಸಲ ಒಂದೇ ಮೈ ತೋರಿಸುತ್ತದೆ, ಮಷೀನು ದಿನದಿಂದ ದಿನಕ್ಕೆ ಸರಿಯುತ್ತಿದೆಯೇ ಎಂದು ಹಿಡಿಯಲು ಒಳ್ಳೆಯದು. ಆದರೆ ಮಾದರಿಗಳನ್ನು ಸಡಿಲ ಪುಡಿಯಾಗಿ ಕಪ್ಪಿನಲ್ಲಿ ಅಳೆಯುವುದಾದರೆ ಸ್ಟ್ಯಾಂಡರ್ಡನ್ನೂ ಹಾಗೇ ಅಳೆಯಿರಿ, ಅದೇ ಫಿಲ್ಮು, ಅದೇ ಸೆಕೆಂಡುಗಳು, ಮುಕ್ಕಾಲು ಕಪ್ಪಿಗೆ ಕಡಿಮೆಯಿಲ್ಲದಂತೆ ತುಂಬಿ. ಪ್ಲಾಸ್ಟಿಕ್ ಚೀಲದ ಮೇಲಿಂದಲೇ ಅಳೆಯುವವರು ಸ್ಟ್ಯಾಂಡರ್ಡನ್ನೂ ಅದೇ ಚೀಲದಲ್ಲಿ ಹಾಕಲಿ. ಕಪ್ಪನ್ನು ಬೆರಳಲ್ಲಿ ಹಿಡಿದು ಗನ್ನಿಗೆ ಒಡ್ಡುವುದನ್ನು ಎಂದೂ ಮಾಡಬೇಡಿ. ಎಕ್ಸ್‌ರೇ ಕಪ್ಪಿನ ಹಿಂದೆಯೂ ಹೋಗುತ್ತದೆ.

ಎಷ್ಟು ಸಲ, ಎಷ್ಟಕ್ಕೆ ಸರಿ?

ಅಮೆರಿಕದ ಪರಿಸರ ಸಂಸ್ಥೆ ಇಪಿಎ 2007ರಲ್ಲಿ ಪ್ರಕಟಿಸಿದ 6200ನೇ ವಿಧಾನ ಇಲ್ಲಿ ಒಳ್ಳೆಯ ಊರುಗೋಲು. ಸ್ಟ್ಯಾಂಡರ್ಡಿನ ಓದು ನಿಜದ ಅಂಕಿಯಿಂದ ಶೇ 20ರೊಳಗಿರಬೇಕು, ಒಂದೇ ಮಾದರಿಯನ್ನು ಕನಿಷ್ಠ 7 ಸಲ ಅಳೆದು ಏರುಪೇರು ನೋಡಬೇಕು, 20 ಮಾದರಿಗೆ ಒಂದನ್ನಾದರೂ ಲ್ಯಾಬಿಗೆ ಕಳಿಸಬೇಕು ಎನ್ನುತ್ತದೆ. ಶೇ 20 ನನಗೆ ತೀರ ಸಡಿಲ ಅನ್ನಿಸುತ್ತದೆ. ಕಬ್ಬಿಣ ಕದ್ದ ಪಾಲು ಆ ಶೇ 20ರೊಳಗೇ ಅಡಗಿ ಕೂತರೆ ವರ್ಷಗಟ್ಟಲೆ ಗೊತ್ತಾಗದೆ ಹೋಗಬಹುದು.

ಅದಕ್ಕೇ ನಾನು ನೋಟ್‌ಬುಕ್ಕಿನಲ್ಲಿ ಎರಡು ಚಾರ್ಟು ಇಟ್ಟಿದ್ದೇನೆ, ಒಂದು 2711ಎಗೆ, ಇನ್ನೊಂದು ಬೆಟ್ಟದ ಮಣ್ಣು+200ಕ್ಕೆ. ಮೊದಲ ಇಪ್ಪತ್ತು ಓದುಗಳ ಸರಾಸರಿ ನಡುಗೆರೆ, ಸ್ಟ್ಯಾಂಡರ್ಡ್ ಡೀವಿಯೇಶನ್ನಿನ (ಓದುಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎರಡು ಪಟ್ಟಿಗೆ ಎಚ್ಚರಿಕೆಯ ಗೆರೆ, ಮೂರು ಪಟ್ಟಿಗೆ ಕೆಲಸ ನಿಲ್ಲಿಸುವ ಗೆರೆ. ಬೆಳಿಗ್ಗೆ ಶುರುವಿಗೆ, 20 ಮಾದರಿಗೊಮ್ಮೆ, ಬ್ಯಾಟರಿ ಬದಲಿಸಿದಾಗ, ಸಂಜೆ ಮುಗಿಸುವಾಗ ಎರಡನ್ನೂ ಅಳೆದು ಚುಕ್ಕಿ ಇಡುತ್ತೇನೆ. ಎರಡೂ ಚಾರ್ಟಿನಲ್ಲಿ ಚುಕ್ಕಿ ಒಟ್ಟಿಗೆ ಸರಿದರೆ ತೊಂದರೆ ಮಷೀನಿನದು. ಬೆಟ್ಟದ ಮಣ್ಣಿನದು ಮಾತ್ರ ಇಳಿದರೆ ಮೊದಲ ಅನುಮಾನ ತೇವ. ಸಂಜೆಯ ಓದು ಮೂರನೇ ಗೆರೆ ದಾಟಿದರೆ, ಹಿಂದಿನ ಸರಿ ಚುಕ್ಕಿಯ ನಂತರ ಅಳೆದ ಮಾದರಿಗಳನ್ನೆಲ್ಲ ಮತ್ತೆ ಅಳೆಯುತ್ತೇನೆ. ಬೇಸರದ ಕೆಲಸ, ಆದರೆ ಆ ಅಂಕಿಯನ್ನು ನಂಬಿ ಒಬ್ಬರು ತಮ್ಮ ತೋಟದ ಔಷಧಿ ಕಡಿಮೆ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ದುಡ್ಡು ಕಡಿಮೆ ಇದ್ದರೆ

ಸಿಲಿಕಾ ಮತ್ತು 2711ಎ ಮೊದಲು, ಬೆಟ್ಟದ ಮಣ್ಣಿನ ನಾಲ್ಕು ಪಾಲು ಅದರ ಹಿಂದೆಯೇ. ಆಮೇಲೆ ಕೈಯಲ್ಲಿ ಉಳಿದರೆ 07407. ಅಮೆರಿಕದ ಇನ್ನೆರಡು ಮಣ್ಣಿನ ಡಬ್ಬಿಗೆ ಹಾಕುವ ದುಡ್ಡನ್ನು ಲ್ಯಾಬಿನ ಎರಡನೇ ವರದಿಗೆ ಹಾಕಿ. ಒಂದು ಊರಿನ ಮೂರ್ನಾಲ್ಕು ಜನ ಸೇರಿ ಬೆಟ್ಟದ ಮಣ್ಣನ್ನು ಒಟ್ಟಿಗೆ ಕುಟ್ಟಿ ಹಂಚಿಕೊಂಡರೆ ಇನ್ನೂ ಒಳ್ಳೆಯದು, ಒಬ್ಬರ ಮಷೀನನ್ನು ಇನ್ನೊಬ್ಬರದಕ್ಕೆ ಹೋಲಿಸಲು ಒಂದೇ ಮಣ್ಣು ಸಿಕ್ಕಂತಾಗುತ್ತದೆ.

ಆ ಮಣ್ಣನ್ನು ಕಾಪಾಡುವುದು ಮಾತ್ರ ನಮ್ಮ ಮಳೆಗಾಲದಲ್ಲಿ ಸುಲಭವಲ್ಲ. ಆಗುಂಬೆ, ಹೊಸನಗರದ ಕಡೆ ಜೂನ್ ಬಂತೆಂದರೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಜೇಡಿ ಮತ್ತು ಕಬ್ಬಿಣದ ಆಕ್ಸೈಡ್ ತುಂಬಿದ ಮಣ್ಣು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಏರಿದಷ್ಟೂ ಓದು ಇಳಿಯುತ್ತದೆ. ದೊಡ್ಡ ಪಾಲನ್ನು ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಬೇಕೇಬೇಕಾದಾಗ ಬಿಟ್ಟು ತೆಗೆಯಬೇಡಿ. ದಿನಬಳಕೆಗೆ ಸಣ್ಣ ಡಬ್ಬಿಯೊಂದನ್ನು ಮಾಡಿಕೊಳ್ಳಿ. ಅದನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಅಳೆಯುವ ಮೊದಲು ಎರಡು ಗಂಟೆ 105 ಡಿಗ್ರಿಯಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ಪುಡಿ ಇಟ್ಟ ಮುಚ್ಚಿದ ಪಾತ್ರೆ) ಆರಿಸಿ, ಹೊಸ ಫಿಲ್ಮು ಕಟ್ಟಿ. ಭರಣಿಯ ಮೇಲೆ ಬೆಟ್ಟದ ಹೆಸರು, ತಂದ ದಿನ, ಸೇರಿಸಿದ ತಾಮ್ರ, ಕೊನೆಯ ಬಾರಿ ಮುಚ್ಚಳ ತೆಗೆದ ದಿನ ಬರೆದಿಡಿ, ಪೆನ್ಸಿಲ್ಲಿನಲ್ಲಿ. ಮಸಿ ನಮ್ಮ ಮಳೆಗಾಲದ ತೇವಕ್ಕೆ ಹರಡಿಬಿಡುತ್ತದೆ.